ನಡಿಗೆ ಮನೆ ಬಾಗಿಲಿಂದಲೇ ಶುರುವಾಗಲಿ: ಬೆಂಗಳೂರಿನಲ್ಲಿ ದಿನಾ ನಡೆಯಬೇಕು ಅನ್ನುವವರಿಗೆ

ವಾಕಿಂಗ್ ಶುರು ಮಾಡಬೇಕು ಅಂದುಕೊಂಡವರು ಈ ಊರಲ್ಲಿ ಮೊದಲು ಕೇಳುವುದು "ಎಲ್ಲಿಗೆ ಹೋಗೋದು?" ಅಂತ. ಲಾಲ್‌ಬಾಗ್ ದೂರ, ಕಬ್ಬನ್ ಪಾರ್ಕಿಗೆ ಗಾಡಿ ತೆಗೀಬೇಕು, ನಮ್ಮ ಏರಿಯಾದಲ್ಲಿ ನೆಟ್ಟಗಿರೋ ಫುಟ್‌ಪಾತೇ ಇಲ್ಲ. ಹೀಗೆ ಜಾಗ ಹುಡುಕುವುದರಲ್ಲೇ ವಾರ ಕಳೆದು, ಹೊಸ ಶೂ ಡಬ್ಬಿಯಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ನಡೆದವರನ್ನೂ ಎರಡೇ ವಾರಕ್ಕೆ ಕೈಬಿಟ್ಟವರನ್ನೂ ನೋಡುತ್ತ ಬಂದ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಗಾಡಿ ಹತ್ತಿ ಹೋಗಿ ನಡೆಯುವ ನಡಿಗೆ ಬಹಳ ದಿನ ಬಾಳುವುದಿಲ್ಲ. ಚಪ್ಪಲಿ ಸ್ಟ್ಯಾಂಡಿನಿಂದ ಶೂ ತೆಗೆದು ಗೇಟು ದಾಟಿದ ಕೂಡಲೇ ಶುರುವಾಗುವ ನಡಿಗೆ ಬಾಳುತ್ತದೆ. ಪಾರ್ಕು, ಕೆರೆ ಎಲ್ಲ ಭಾನುವಾರಕ್ಕಿರಲಿ. ಉಳಿದ ದಿನಗಳಿಗೆ ನಿಮ್ಮ ಬೀದಿ, ನಿಮ್ಮ ಕ್ರಾಸು, ನಿಮ್ಮ ಬಸ್ ಸ್ಟಾಪು ಸಾಕು. ಈ ಲೇಖನ ಅದಕ್ಕೆ ದಾರಿ.

ನಡೆದರೆ ಮೈಯೊಳಗೆ ಏನಾಗುತ್ತದೆ

ತೊಡೆ ಮತ್ತು ನಿತಂಬದ ಸ್ನಾಯುಗಳು ನಮ್ಮ ದೇಹದಲ್ಲೇ ದೊಡ್ಡವು. ಅವು ದುಡಿಯಲು ತೊಡಗಿದರೆ ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತವೆ. ಇದರಲ್ಲೊಂದು ವಿಶೇಷವಿದೆ. ಸುಮ್ಮನೆ ಕೂತಿರುವಾಗ ಸಕ್ಕರೆ ಸ್ನಾಯುವಿನೊಳಗೆ ಹೋಗಬೇಕಾದರೆ ಇನ್ಸುಲಿನ್ ಬೇಕೇ ಬೇಕು. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್‌ಗೆ ಕಾಯದೆಯೂ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಬಲ್ಲದು. ಟೈಪ್ 2 ಸಕ್ಕರೆ ಕಾಯಿಲೆ ಇರುವವರಲ್ಲಿ ಕೆಟ್ಟಿರುವುದು ಇನ್ಸುಲಿನ್‌ನ ಕೆಲಸವೇ ಆದ್ದರಿಂದ ಅವರಿಗೆ ನಡಿಗೆ ಅಷ್ಟು ಹಿಡಿಸುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಲೆಕ್ಕದಲ್ಲಿ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಅಂಚಿನಲ್ಲಿದ್ದಾರೆ. ಆ ಅಂಚಿನಲ್ಲಿ ನಿಂತವರ ಬಗ್ಗೆಯೇ ನನಗೆ ಹೆಚ್ಚು ಕಾಳಜಿ. ಅವರು ಈಗ ಎದ್ದು ನಡೆದರೆ ಕಾಯಿಲೆಯನ್ನು ವರ್ಷಗಟ್ಟಲೆ ಮುಂದೂಡಬಹುದು, ಕೆಲವರು ತಪ್ಪಿಸಿಕೊಳ್ಳಲೂಬಹುದು.

ಮೊಣಕಾಲ ಕೆಳಗೆ ಹಿಂದುಗಡೆ ಇರುವ ಮೀನಖಂಡದ ಕೆಲಸ ಇನ್ನೊಂದು. ಕಾಲಿನ ಅಭಿಧಮನಿಗಳಿಂದ ರಕ್ತ ಮೇಲಕ್ಕೆ, ಹೃದಯದ ಕಡೆಗೆ ಏರಬೇಕಲ್ಲ? ಪ್ರತಿ ಹೆಜ್ಜೆಗೂ ಈ ಸ್ನಾಯು ಬಿಗಿದು ಆ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ದಿನವಿಡೀ ಕುರ್ಚಿಯಲ್ಲಿ ಕೂತವರಿಗೆ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡವರಿಗೆ ಸಂಜೆ ಹೊತ್ತಿಗೆ ಪಾದ ಊದಿ ಶೂ ಬಿಗಿಯಾಗುವುದಕ್ಕೆ ಇದು ನಿಂತುಹೋಗಿರುವುದೂ ಒಂದು ಕಾರಣ.

ಬಿಪಿ ಇರುವವರು ನಿಯಮಿತವಾಗಿ ಬಿರುಸಾಗಿ ನಡೆದರೆ ಮೇಲಿನ ಸಂಖ್ಯೆ (120/80ರಲ್ಲಿ 120) ಸುಮಾರು 5ರಿಂದ 8ರಷ್ಟು ಇಳಿಯುವುದುಂಟು. ಹಾಗಂತ ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ನಿಲ್ಲಿಸುವುದೋ ಕಡಿಮೆ ಮಾಡುವುದೋ ಡಾಕ್ಟರು ಹೇಳಬೇಕಾದ ಮಾತು.

"ನಡೆದ್ರೆ ಮಂಡಿ ಸವೆಯುತ್ತೆ" ಅನ್ನುವ ಹೆದರಿಕೆ ಬಹಳ ಜನರಿಗಿದೆ. ಕೀಲಿನ ಮೃದ್ವಸ್ಥಿಗೆ, ಅಂದರೆ ಮೂಳೆಯ ತುದಿಗೆ ಹೊದ್ದಿರುವ ನುಣುಪು ಪದರಕ್ಕೆ, ರಕ್ತನಾಳಗಳೇ ಇಲ್ಲ. ಭಾರ ಬಿದ್ದಾಗ ಹಿಂಡಿ, ಭಾರ ಬಿಟ್ಟಾಗ ಹೀರಿಕೊಳ್ಳುವ ಸ್ಪಂಜಿನಂತೆ ಅದು ಕೀಲಿನೊಳಗಿನ ದ್ರವದಿಂದ ಪೋಷಣೆ ಪಡೆಯುತ್ತದೆ. ಅಂದರೆ ಅದಕ್ಕೆ ಊಟ ಸಿಗುವುದೇ ಕಾಲು ಆಡಿದಾಗ. ಮಂಡಿನೋವು ಇರುವವರು ಸಮತಟ್ಟಾದ ದಾರಿಯಲ್ಲಿ, ಸ್ವಲ್ಪ ಸ್ವಲ್ಪವಾಗಿ ನಡೆದರೆ ನೋವು ಕಡಿಮೆಯಾಗುವುದೇ ಹೆಚ್ಚು.

ಕೂತು ಕೆಲಸ ಮಾಡುವವರ ಹೃದಯಕ್ಕೂ ಓಡಾಡುವವರ ಹೃದಯಕ್ಕೂ ಇರುವ ವ್ಯತ್ಯಾಸವನ್ನು ಮೊದಲು ತೋರಿಸಿಕೊಟ್ಟದ್ದು ಬಸ್ಸು. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಲಂಡನ್ನಿನ ಬಸ್ ಸಿಬ್ಬಂದಿಯನ್ನು ಹೋಲಿಸಿ ನೋಡಿದರು. ಸೀಟಿನಲ್ಲೇ ಕೂತ ಡ್ರೈವರುಗಳಿಗಿಂತ, ದಿನವಿಡೀ ಡಬಲ್ ಡೆಕ್ಕರಿನ ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುತ್ತಿದ್ದ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯಿತ್ತು. ಬಸ್ಸು ಒಂದೇ, ಊರು ಒಂದೇ, ಪಾಳಿ ಒಂದೇ. ಆ ಕಂಡಕ್ಟರುಗಳು ವಾಕಿಂಗ್ ಅಂತ ಪ್ರತ್ಯೇಕ ಹೊತ್ತು ಎತ್ತಿಟ್ಟವರಲ್ಲ ಅನ್ನುವುದನ್ನು ಗಮನಿಸಿ. ದುಡಿಮೆಯೊಳಗೇ ಅವರ ನಡಿಗೆ ಸೇರಿಹೋಗಿತ್ತು.

ನಿದ್ದೆ ಚೆನ್ನಾಗಿ ಬರುವುದು, ಮನಸ್ಸಿನ ಕಿರಿಕಿರಿ ಇಳಿಯುವುದು, ಮಲಬದ್ಧತೆ ಹೋಗುವುದು, ಇವನ್ನೆಲ್ಲ ಹದಿನೈದು ದಿನ ನಡೆದ ಯಾರನ್ನು ಕೇಳಿದರೂ ಹೇಳುತ್ತಾರೆ.

ಮೊದಲನೆಯದು: ಯಾರು ಡಾಕ್ಟರನ್ನು ಕೇಳಬೇಕು

ಹತ್ತು ನಿಮಿಷ ನಿಧಾನವಾಗಿ ನಡೆಯಲು ಯಾರ ಅಪ್ಪಣೆಯೂ ಬೇಡ. ಆದರೆ ಹಿಂದೆ ಹೃದಯಾಘಾತವಾಗಿದ್ದರೆ, ಸ್ಟೆಂಟ್ ಹಾಕಿದ್ದರೆ, ಮೆಟ್ಟಿಲು ಹತ್ತಿದಾಗ ಎದೆ ಹಿಡಿದಂತಾಗುತ್ತಿದ್ದರೆ, ತಲೆಸುತ್ತು ಬರುತ್ತಿದ್ದರೆ ಬಿರುಸಿನ ನಡಿಗೆಗೆ ಮೊದಲು ತೋರಿಸಿಕೊಳ್ಳಿ. ಸ್ವಲ್ಪ ದೂರ ನಡೆದ ಕೂಡಲೇ ಮೀನಖಂಡ ಹಿಡಿದು, ನಿಂತರೆ ಬಿಟ್ಟುಹೋಗಿ, ಮತ್ತೆ ಅಷ್ಟೇ ದೂರಕ್ಕೆ ಹಿಡಿಯುತ್ತದೆ ಅಂತಾದರೆ ಅದನ್ನು ವಯಸ್ಸಿನ ನೋವು ಅಂದುಕೊಳ್ಳಬೇಡಿ. ಕಾಲಿನ ರಕ್ತನಾಳ ಕಿರಿದಾಗಿರುವ ಸೂಚನೆ ಇರಬಹುದು. ಬೀಡಿ, ಸಿಗರೇಟಿನ ಅಭ್ಯಾಸ ಇರುವವರಲ್ಲಿ ಇದು ಹೆಚ್ಚು.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಮೂರು ನಾಲ್ಕು ಟೀ ಚಮಚ ಸಕ್ಕರೆಯನ್ನೋ ಗ್ಲೂಕೋಸನ್ನೋ ಪೊಟ್ಟಣ ಕಟ್ಟಿ ಇಟ್ಟುಕೊಳ್ಳಲೇಬೇಕು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ರಕ್ತದ ಸಕ್ಕರೆ ತೀರಾ ಇಳಿದಿರಬಹುದು, ಅಲ್ಲೇ ಕೂತು ಅದನ್ನು ಬಾಯಿಗೆ ಹಾಕಿಕೊಳ್ಳಿ. ಮನೆಯವರ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಮೊಬೈಲ್ ಲಾಕ್ ಆಗಿರುವಾಗ ಸಹಾಯಕ್ಕೆ ಬಂದವರಿಗೆ ಕೆಲಸಕ್ಕೆ ಬರುವುದು ಆ ಚೀಟಿಯೇ.

ಎರಡನೆಯದು: ನಿಮ್ಮ ದಾರಿಯನ್ನು ಗುರುತು ಮಾಡಿಕೊಳ್ಳಿ

ಇದಕ್ಕೆ ಒಂದು ಬೆಳಿಗ್ಗೆ ಕೊಡಿ. ಮನೆಯಿಂದ ಹೊರಟು, ಮೇನ್ ರೋಡನ್ನು ಆದಷ್ಟು ಬಿಟ್ಟು, ಒಳಗಿನ ಕ್ರಾಸುಗಳಲ್ಲೇ ತಿರುಗಿ ವಾಪಸು ಬರುವ ಒಂದು ಸುತ್ತು ಹುಡುಕಿ. ಹತ್ತು ಹನ್ನೆರಡು ನಿಮಿಷದ ಸುತ್ತಾದರೆ ಸಾಕು. ಹೊತ್ತು ಸಿಕ್ಕ ದಿನ ಮೂರು ಸುತ್ತು, ಸಿಗದ ದಿನ ಒಂದು. ಮಲ್ಲೇಶ್ವರ, ಬಸವನಗುಡಿ, ಜಯನಗರದಂಥ ಹಳೆ ಬಡಾವಣೆಗಳಲ್ಲಿ ಕ್ರಾಸುಗಳು ಚೌಕ ಚೌಕವಾಗಿರುವುದರಿಂದ ಇದು ಸುಲಭ. ಹೊಸ ಬಡಾವಣೆಗಳಲ್ಲಿ, ಅದರಲ್ಲೂ ಹಳೆ ಹಳ್ಳಿಗಳ ನಡುವೆ ಲೇಔಟು ಎದ್ದ ಕಡೆಗಳಲ್ಲಿ, ದಾರಿ ತಟ್ಟನೆ ಕಾಂಪೌಂಡಿಗೆ ಮುಟ್ಟಿ ನಿಲ್ಲುತ್ತದೆ. ಅಲ್ಲಿ ಹೋದ ದಾರಿಯಲ್ಲೇ ಹಿಂದಿರುಗುವುದೇ ಸರಿ. ಅಪಾರ್ಟ್‌ಮೆಂಟಿನವರಿಗೆ ಕಾಂಪೌಂಡಿನೊಳಗಿನ ಸುತ್ತು ಇದ್ದೇ ಇದೆ.

ಆ ಬೆಳಿಗ್ಗೆ ನೋಡಬೇಕಾದ್ದು ನೆಲವನ್ನು. ನಮ್ಮೂರಿನ ಫುಟ್‌ಪಾತೆಂದರೆ ಬಹಳ ಕಡೆ ಮಳೆನೀರಿನ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿ ಅಥವಾ ಕಾಂಕ್ರೀಟ್ ಸ್ಲ್ಯಾಬು. ಅಲ್ಲಾಡುವ ಸ್ಲ್ಯಾಬು ಮುಂಚೆಯೇ ಗೊತ್ತು ಕೊಡುತ್ತದೆ. ಎರಡು ಸ್ಲ್ಯಾಬುಗಳ ನಡುವಿನ ಬಿರುಕು ಒಂದು ಕಡೆ ಅಗಲ, ಒಂದು ಕಡೆ ಕಿರಿದಾಗಿರುತ್ತದೆ. ಒಂದು ಮೂಲೆ ಪಕ್ಕದ್ದಕ್ಕಿಂತ ಅರ್ಧ ಇಂಚು ಎದ್ದಿರುತ್ತದೆ. ಮೇಲೆ ಕಾಲಿಟ್ಟರೆ ಟಕ್ ಎಂದು ಟೊಳ್ಳು ಸದ್ದು ಬರುತ್ತದೆ. ಅಂಥದ್ದರ ಅಂಚಿಗೆ ತೂಕ ಬಿಡಬೇಡಿ, ನಡುವೆ ಕಾಲಿಡಿ, ಇಲ್ಲವೇ ರಸ್ತೆಗಿಳಿದು ದಾಟಿ. ಕೇಬಲ್ ಹಾಕಲು ಅಗೆದು ಹಾಗೇ ಮುಚ್ಚಿದ ಜಾಗ, ಕಡಿದ ಮರದ ಮೋಟು, ಸೈನ್ ಬೋರ್ಡ್ ತೆಗೆದ ಮೇಲೆ ಉಳಿದ ಕಬ್ಬಿಣದ ಮೊಳೆ, ಫುಟ್‌ಪಾತಿನಲ್ಲೇ ನಿಂತ ಟ್ರಾನ್ಸ್‌ಫಾರ್ಮರು, ಇವು ಎಲ್ಲಿವೆ ಅಂತ ಹಗಲಲ್ಲೇ ಗುರುತಿಟ್ಟುಕೊಂಡರೆ ಮುಂಜಾವದ ಮಬ್ಬಿನಲ್ಲಿ ಎಡವುವುದು ತಪ್ಪುತ್ತದೆ. ನಡೆಯುವವರಿಗೆ ಇಷ್ಟು ಎಚ್ಚರ ಬೇಕಾಗಿರುವುದು ನಗರಕ್ಕೆ ಶೋಭೆಯಲ್ಲ. ಆ ಮಾತನ್ನು ಪಾಲಿಕೆಗೆ ಬರೆದು ಹೇಳುತ್ತಲೇ ಇರಬೇಕು, ನಡೆಯುತ್ತಲೂ ಇರಬೇಕು.

ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಗಡೆ ನಡೆಯಿರಿ. ಆಗ ನಿಮ್ಮ ಪಕ್ಕದಲ್ಲಿ ಬರುವ ಗಾಡಿ ಎದುರಿನಿಂದ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಕತ್ತಲಿರುವಾಗ ಬಿಳಿ ಅಥವಾ ಹಳದಿ ಬಟ್ಟೆ ಹಾಕಿ. ಇಯರ್‌ಫೋನ್ ಬೇಕೇ ಬೇಕು ಅಂದರೆ ಒಂದು ಕಿವಿಗೆ ಮಾತ್ರ. ಇನ್ನೊಂದು ಕಿವಿ ಹಿಂದಿನಿಂದ ಬರುವ ಸ್ಕೂಟರಿಗಿರಲಿ.

ನಾಯಿಗಳ ಮಾತು. ಗುಂಪಾಗಿ ಬೊಗಳಿಕೊಂಡು ಬಂದರೆ ಓಡಬೇಡಿ, ಕಲ್ಲೆತ್ತಬೇಡಿ, ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ. ಕೈ ಕೆಳಗಿಳಿಬಿಟ್ಟು ನಿಂತು, ಅವು ಸುಮ್ಮನಾದ ಮೇಲೆ ಬೆನ್ನು ತೋರಿಸದೆ ಮೆಲ್ಲಗೆ ಪಕ್ಕಕ್ಕೆ ಸರಿಯಿರಿ. ಕಚ್ಚಿದರೆ ಅಥವಾ ಹಲ್ಲು ತಾಗಿ ತರಚಿದರೂ ಸೋಪು ಹಾಕಿ ನಲ್ಲಿ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿ. ಅರಿಶಿನ, ಸುಣ್ಣ ಹಚ್ಚಿ ಕಾಯಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವ ಚಿಕಿತ್ಸೆಯಿಲ್ಲ.

ಮೂರನೆಯದು: ಕಾಲಿಗೆ

ದುಬಾರಿ ಶೂ ಬೇಕಿಲ್ಲ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ದಿನಾ ಹಾಕುವ ಸಾಕ್ಸಿನೊಂದಿಗೆ ಅಂಗಡಿಗೆ ಹೋಗಿ ಹಾಕಿ ನೋಡಿ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಗಲ ಜಾಗ ಇರಬೇಕು, ಹಿಮ್ಮಡಿ ಜಾರಬಾರದು, ಬೆರಳುಗಳ ಬುಡದಲ್ಲಿ ಶೂವಿನ ತಳ ಮಡಚಬೇಕು. ನಡುವಲ್ಲೇ ಮಡಚುವ ಶೂ ಬೇಡ. ಹಳೆ ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಹಿಮ್ಮಡಿ ಒಂದು ಕಡೆಗೆ ವಾಲಿ ಸವೆದಿದ್ದರೆ ಬದಲಾಯಿಸುವ ಕಾಲ ಬಂದಿದೆ.

ಕೆಲವು ಪಾರ್ಕುಗಳಲ್ಲಿ ಉರುಟು ಕಲ್ಲು ಹುಗಿದ ಅಕ್ಯುಪ್ರೆಶರ್ ದಾರಿ ಮಾಡಿದ್ದಾರೆ. ಬರಿಗಾಲಲ್ಲಿ ಅದರ ಮೇಲೆ ನಡೆದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಎಂದು ಯಾರೋ ಹೇಳಿರುತ್ತಾರೆ. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇರುವವರು ದಯವಿಟ್ಟು ಅದರ ಮೇಲೆ ಹೋಗಬೇಡಿ. ಪಾದದ ನರಗಳು ಮರಗಟ್ಟಿದ್ದರೆ ಕಲ್ಲು ಕೊಯ್ದದ್ದೇ ಗೊತ್ತಾಗುವುದಿಲ್ಲ, ಆ ಗಾಯ ಬೇಗ ಒಣಗುವುದೂ ಇಲ್ಲ. ಬರಿಗಾಲು ಬೇಡ, ಹುಲ್ಲಿನ ಮೇಲೂ ಬೇಡ. ಮನೆಗೆ ಬಂದ ಮೇಲೆ ಅಂಗಾಲನ್ನೂ ಬೆರಳುಸಂದಿಯನ್ನೂ ಒಮ್ಮೆ ನೋಡಿಕೊಳ್ಳಿ. ಬಗ್ಗಲಾಗದವರು ನೆಲದ ಮೇಲೆ ಕನ್ನಡಿಯಿಟ್ಟು ನೋಡಬಹುದು, ಇಲ್ಲವೇ ಮಗಳಿಗೋ ಸೊಸೆಗೋ ಹೇಳಿ ನೋಡಿಸಿಕೊಳ್ಳಬಹುದು.

ನಾಲ್ಕನೆಯದು: ಮೊದಲ ತಿಂಗಳ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಬಿರುಸಿನ ಚಟುವಟಿಕೆ. ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆ ಎಂದರೆ ಅದರ ಕೆಳಗಿನ ಮಿತಿ ಮುಟ್ಟಿದಂತೆ. 2020ರ ಮಾರ್ಗಸೂಚಿಯಲ್ಲಿ ಒಂದೇ ಸಲ ಹತ್ತು ನಿಮಿಷವಾದರೂ ಮಾಡಬೇಕು ಎಂಬ ಹಳೆಯ ನಿಯಮವನ್ನೂ ತೆಗೆದಿದ್ದಾರೆ. ಅಂದರೆ ತುಂಡು ತುಂಡಾಗಿ ನಡೆದದ್ದೂ ಲೆಕ್ಕಕ್ಕೆ ಬರುತ್ತದೆ.

ವರ್ಷಗಳಿಂದ ನಡೆಯದವರು ಮೊದಲ ವಾರ ಬೆಳಿಗ್ಗೆ ಹತ್ತು, ಸಂಜೆ ಹತ್ತು ನಿಮಿಷ ನಡೆಯಿರಿ. ಬಿರುಸು ಬೇಡ. ಎರಡನೇ ವಾರ ಬೆಳಗಿನದ್ದನ್ನು ಹದಿನೈದಕ್ಕೆ ಏರಿಸಿ, ಮೂರನೇ ವಾರ ಸಂಜೆಯದ್ದನ್ನೂ ಏರಿಸಿ. ನಾಲ್ಕನೇ ವಾರ ಹೊತ್ತು ಹೆಚ್ಚಿಸದೆ ವೇಗ ಮಾತ್ರ ಹೆಚ್ಚಿಸಿ. ಮೊದಲ ದಿನವೇ ಉತ್ಸಾಹದಲ್ಲಿ ಐದು ಕಿಲೋಮೀಟರ್ ನಡೆದು, ಮರುದಿನ ಹಿಮ್ಮಡಿ ನೋವಿನಿಂದ ಮಂಚ ಹಿಡಿದವರೇ ಹೆಚ್ಚಾಗಿ ಬಿಟ್ಟುಬಿಡುವುದು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಚುಚ್ಚಿದಂತಾಗಿ, ನಾಲ್ಕು ಹೆಜ್ಜೆಗೆ ಕಡಿಮೆಯಾದರೆ ಅಂಗಾಲಿನ ಪಟ್ಟಿ ಊದಿರಬಹುದು. ಎರಡು ಮೂರು ದಿನ ದೂರ ಕಡಿಮೆ ಮಾಡಿ, ಗೋಡೆಗೆ ಕೈಯೊತ್ತಿ ಮೀನಖಂಡ ಎಳೆಯುವ ವ್ಯಾಯಾಮ ಮಾಡಿ. ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿಕೊಳ್ಳಿ.

ದಿನಕ್ಕೆ 10,000 ಹೆಜ್ಜೆ ಅನ್ನುವ ಸಂಖ್ಯೆ ಎಲ್ಲರ ಬಾಯಲ್ಲಿದೆ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ ಅದು ಹಬ್ಬಿತು. ಈಚಿನ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರೆ 7,000 ಹೆಜ್ಜೆಯ ಹೊತ್ತಿಗೆ ಪ್ರಯೋಜನದ ಬಹುಪಾಲು ಸಿಕ್ಕಿರುತ್ತದೆ. ಅರವತ್ತು ದಾಟಿದವರಿಗೆ 6,000 ಕೂಡ ಒಳ್ಳೆಯ ಲೆಕ್ಕವೇ. 2,000 ಹೆಜ್ಜೆಯವರು 4,000ಕ್ಕೆ ಏರಿದಾಗ ಆಗುವ ಲಾಭ, 8,000ದವರು 10,000ಕ್ಕೆ ಏರಿದಾಗ ಆಗುವುದಕ್ಕಿಂತ ದೊಡ್ಡದು. ಫೋನಿನಲ್ಲಿ ಸಂಖ್ಯೆ ಮುಟ್ಟಲಿಲ್ಲ ಅಂತ ರಾತ್ರಿ ಹನ್ನೊಂದಕ್ಕೆ ಮನೆಯ ಹಾಲ್‌ನಲ್ಲಿ ಗಿರಕಿ ಹೊಡೆಯುವುದು ಬೇಡ, ಮಲಗಿ.

ಐದನೆಯದು: ಬಿರುಸು ಎಂದರೆ ಎಷ್ಟು

ನಡೆಯುತ್ತ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಆದರೆ ಹಾಡು ಹೇಳಲು ಆಗಬಾರದು. ಅದೇ ಸರಿಯಾದ ವೇಗ. ಎಣಿಸಬೇಕು ಅನ್ನುವವರು ಗಡಿಯಾರ ನೋಡಿ ನಿಮಿಷಕ್ಕೆ ಸುಮಾರು 100 ಹೆಜ್ಜೆ ಬೀಳುತ್ತಿದೆಯಾ ನೋಡಿಕೊಳ್ಳಿ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗುವವರು ಸ್ಮಾರ್ಟ್ ವಾಚಿನ ನಾಡಿಮಿಡಿತವನ್ನು ನಂಬಬಾರದು. ಆ ಮಾತ್ರೆಗಳು ಮಿಡಿತವನ್ನು ಏರಗೊಡುವುದಿಲ್ಲ. ಅವರಿಗೆ ಮಾತು ಹಾಡಿನ ಪರೀಕ್ಷೆಯೇ ಸರಿ.

ತಿಂಗಳಾದ ಮೇಲೆ ಜಪಾನಿನ ಶಿನ್ಶೂ ವಿಶ್ವವಿದ್ಯಾಲಯದವರು ರೂಢಿಗೆ ತಂದ ಒಂದು ಕ್ರಮ ಮಾಡಿ ನೋಡಬಹುದು: ಮೂರು ನಿಮಿಷ ಜೋರು, ಮೂರು ನಿಮಿಷ ನಿಧಾನ, ಹೀಗೆ ಐದು ಸಲ, ವಾರಕ್ಕೆ ನಾಲ್ಕು ದಿನ. 2007ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ನಡೆದ ಮಧ್ಯವಯಸ್ಸಿನವರಿಗೂ ವಯಸ್ಸಾದವರಿಗೂ ತೊಡೆಯ ಬಲ ಹೆಚ್ಚಿತ್ತು, ಬಿಪಿ ಇಳಿದಿತ್ತು. ಒಂದೇ ಹದದಲ್ಲಿ ನಡೆದವರಿಗೆ ಅಷ್ಟು ಆಗಿರಲಿಲ್ಲ. ಮಲ್ಲೇಶ್ವರ, ಬಸವನಗುಡಿಯ ಏರುದಾರಿಗಳ ಬಳಿ ಇರುವವರಿಗೆ ಗಡಿಯಾರವೂ ಬೇಡ. ಏರು ಬಂದಾಗ ಜೋರು ತಾನಾಗಿ ಆಗುತ್ತದೆ, ಇಳಿಜಾರಿನಲ್ಲಿ ಉಸಿರು ತಿರುಗುತ್ತದೆ.

ಶುರುವಿನ ಐದು ನಿಮಿಷ, ಕೊನೆಯ ಐದು ನಿಮಿಷ ನಿಧಾನ. ನೋಟ ಮುಂದಕ್ಕೆ, ಭುಜ ಸಡಿಲ, ಕೈ ಬೀಸಲಿ.

ಆರನೆಯದು: ಉಂಡ ಮೇಲೆ

ಬೆಳಿಗ್ಗೆ ಹೊತ್ತೇ ಸಿಗುವುದಿಲ್ಲ ಅನ್ನುವವರು ಈ ಭಾಗವನ್ನಾದರೂ ಹಿಡಿದುಕೊಳ್ಳಿ. ನನ್ನನ್ನು ಕೇಳಿದರೆ ಇಡೀ ಲೇಖನದಲ್ಲಿ ಇದಕ್ಕಿಂತ ಬೆಲೆಬಾಳುವುದು ಬೇರೆಯಿಲ್ಲ.

ನಮ್ಮ ಊಟದಲ್ಲಿ ಅನ್ನ, ಮುದ್ದೆ, ಚಪಾತಿಯೇ ಹೆಚ್ಚು. ಉಂಡ ಮೇಲೆ ಒಂದು ಗಂಟೆಯ ಆಸುಪಾಸಿನಲ್ಲಿ ರಕ್ತದ ಸಕ್ಕರೆ ಮೇಲಕ್ಕೇರುತ್ತದೆ. ಆ ಏರು ಶುರುವಾಗುವ ಹೊತ್ತಿಗೇ ಕಾಲು ಆಡಿಸಿದರೆ ಸ್ನಾಯುಗಳು ಅದನ್ನು ಹೀರಿಕೊಳ್ಳುತ್ತವೆ, ಏರು ತಗ್ಗುತ್ತದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಟೈಪ್ 2 ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಸರದಿ ದಿನದಲ್ಲಿ ಯಾವಾಗಲಾದರೂ ಅರ್ಧ ಗಂಟೆ ನಡೆಯಲು ಹೇಳಿದರು. ಇನ್ನೊಂದು ಸರದಿ ಮೂರು ಊಟದ ನಂತರವೂ ಹತ್ತು ಹತ್ತು ನಿಮಿಷ ನಡೆಯಲು ಹೇಳಿದರು. ಒಟ್ಟು ನಡಿಗೆ ಅಷ್ಟೇ. ಊಟದ ಬೆನ್ನಿಗೇ ನಡೆದಾಗ ಊಟದ ನಂತರದ ಸಕ್ಕರೆ ಶೇ. 12ರಷ್ಟು ಕಡಿಮೆಯಿತ್ತು, ರಾತ್ರಿ ಊಟದ ಮಟ್ಟಿಗೆ ಶೇ. 22ರಷ್ಟು. ಉಂಡ ಮೇಲೆ ನೂರು ಹೆಜ್ಜೆ ಇಡಬೇಕು ಅಂತ ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ನೂರನ್ನು ಸಾವಿರ ಮಾಡಿಕೊಂಡರೆ ಹತ್ತು ನಿಮಿಷ ಆಯಿತು.

ನಮ್ಮ ಬೀದಿಯಲ್ಲೊಬ್ಬರು ಅಜ್ಜಿ ಇದ್ದಾರೆ. ರಾತ್ರಿ ಎಂಟೂವರೆಗೆ ಅಡುಗೆಮನೆ ಬಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಮ್ಮ ಗೇಟಿನಿಂದ ಮೂಲೆಯ ಇಸ್ತ್ರಿ ಗಾಡಿಯವರೆಗೆ ಹೋಗಿ ಬಂದು, ಹೋಗಿ ಬಂದು ಮಾಡುತ್ತಾರೆ. ಇಸ್ತ್ರಿ ಗಾಡಿ ಆ ಹೊತ್ತಿಗೆ ಟಾರ್ಪಾಲು ಹೊದ್ದು ನಿಂತಿರುತ್ತದೆ. ಅದರ ಚಕ್ರವನ್ನು ಒಮ್ಮೆ ಮುಟ್ಟಿಯೇ ಹಿಂದಕ್ಕೆ ತಿರುಗುವುದು.

"ಊಟ ಆಯ್ತಾ ಅಜ್ಜಿ?"

"ಆಯ್ತಪ್ಪ, ತಿಂದ ಅನ್ನಕ್ಕೆ ಕೆಲಸ ಕೊಡ್ತಿದ್ದೀನಿ. ನೀನೂ ಬಾ, ಆ ಫೋನ್ ಮನೇಲಿಟ್ಟು ಬಾ."

ಶೂ ಇಲ್ಲ, ಆ್ಯಪ್ ಇಲ್ಲ, ಪಾರ್ಕೂ ಇಲ್ಲ. ನಿಮಗೂ ಅಷ್ಟೇ ಸಾಕು. ಬೀದಿ ಕತ್ತಲೆ, ಒಬ್ಬರೇ ಹೋಗಲು ಧೈರ್ಯವಿಲ್ಲ ಅಂದರೆ ತಾರಸಿ, ಅಪಾರ್ಟ್‌ಮೆಂಟಿನ ಕಾರಿಡಾರು, ಬೇಸ್‌ಮೆಂಟಿನ ಪಾರ್ಕಿಂಗು ಏನಾದರೂ ಆದೀತು. ಈ ನಡಿಗೆ ನಿಧಾನವಾಗಿರಲಿ. ಹೊಟ್ಟೆ ತುಂಬ ಉಂಡು ಬಿರುಸಾಗಿ ನಡೆಯಬಾರದು, ಹೃದ್ರೋಗ ಇರುವವರಂತೂ ಹಾಗೆ ಬಿರುಸಾಗಿ ನಡೆಯಲೇಬಾರದು. ಮಧ್ಯಾಹ್ನ ಆಫೀಸಿನ ಕ್ಯಾಂಟೀನಿನಲ್ಲಿ ಉಂಡ ಮೇಲೆ ಕೂಡಲೇ ಕುರ್ಚಿಗೆ ಹೋಗದೆ ಕಟ್ಟಡಕ್ಕೆ ಎರಡು ಸುತ್ತು ಹಾಕಿ. ಇಬ್ಬರು ಶುರು ಮಾಡಿದರೆ ತಿಂಗಳೊಳಗೆ ಐದಾರು ಜನ ಜೊತೆಯಾಗುತ್ತಾರೆ.

ಓಡಾಟಕ್ಕೇ ನಡಿಗೆ ಸೇರಿಸಿ

ಮೆಟ್ರೋದಲ್ಲಿ ಹೋಗುವವರಿಗೆ ಅನುಕೂಲವಿದೆ. ನಗರದ ನಡುವೆ ನಿಲ್ದಾಣದಿಂದ ನಿಲ್ದಾಣಕ್ಕೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಟ್ರಿನಿಟಿಯಲ್ಲಿ ಇಳಿಯಬೇಕಾದವರು ಎಂ.ಜಿ. ರಸ್ತೆಯಲ್ಲೇ ಇಳಿದರೆ ಹನ್ನೆರಡು, ಹದಿನೈದು ನಿಮಿಷದ ನಡಿಗೆ ಸಿಗುತ್ತದೆ. ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತುವುದು ಅದರ ಮೇಲೆ. ಬಿಎಂಟಿಸಿ ಬಸ್ಸಿನಲ್ಲಿ ಹೋಗುವವರು ಒಂದು ಸ್ಟಾಪು ಮುಂಚೆ ಇಳಿಯಬಹುದು. ಅರ್ಧ ಕಿಲೋಮೀಟರಿನೊಳಗಿನ ಹಾಲು, ತರಕಾರಿ, ಹೂವು, ಮೆಡಿಕಲ್ ಸ್ಟೋರಿಗೆ ಸ್ಕೂಟರ್ ಬೀಗ ಮುಟ್ಟುವುದಿಲ್ಲ ಅಂತ ಮನೆಮಂದಿಯೆಲ್ಲ ತೀರ್ಮಾನ ಮಾಡಿಕೊಳ್ಳಿ. ಕೂತು ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿದು ಬನ್ನಿ. ಬೆಳಿಗ್ಗೆ ಒಂದು ಗಂಟೆ ನಡೆದು ಆಮೇಲೆ ಹತ್ತು ಗಂಟೆ ಅಲ್ಲಾಡದೆ ಕೂತರೆ ನಡೆದದ್ದರ ಫಲ ಸ್ವಲ್ಪ ಸೋರಿಹೋಗುತ್ತದೆ.

ಹೊತ್ತು, ಗಾಳಿ, ಮಳೆ

ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರು ಇದು. ವರ್ಷದ ಬಹಳ ದಿನ ಬೆಳಿಗ್ಗೆ ಎಂಟರವರೆಗೂ ಹವೆ ತಂಪಾಗಿಯೇ ಇರುತ್ತದೆ, ಇಂಥ ಹವೆ ಬೇರೆ ದೊಡ್ಡ ಊರಿನವರಿಗೆ ಅಷ್ಟಾಗಿ ಸಿಗುವುದಿಲ್ಲ. ಡಿಸೆಂಬರ್, ಜನವರಿಯ ಮಂಜಿನ ಬೆಳಿಗ್ಗೆ ಮಾತ್ರ ಹೊಗೆ ಮೇಲೇರದೆ ಕೆಳಗೇ ನಿಂತಿರುತ್ತದೆ. ಆಸ್ತಮಾ ಇರುವವರು ಆ ತಿಂಗಳುಗಳಲ್ಲಿ ಬಿಸಿಲು ಬಿದ್ದ ಮೇಲೆ, ಒಳರಸ್ತೆಗಳಲ್ಲಿ ನಡೆಯಲಿ, ಇನ್‌ಹೇಲರ್ ಜೇಬಿನಲ್ಲಿರಲಿ. ಕಸಕ್ಕೆ ಬೆಂಕಿ ಹಾಕುವ ಮೂಲೆ ಯಾವುದು ಅಂತ ಗೊತ್ತಿದ್ದರೆ ಆ ಕ್ರಾಸನ್ನು ಬಿಟ್ಟುಬಿಡಿ.

ಆರೂವರೆಯ ಎಳೆಬಿಸಿಲಿನಲ್ಲಿ ನಡೆದರೆ ವಿಟಮಿನ್ ಡಿ ಸಿಗುತ್ತದೆ ಎಂದು ನಂಬಿದವರು ಬಹಳ. ಅದಕ್ಕೆ ಬೇಕಾದ ಕಿರಣಗಳು ಸೂರ್ಯ ಮೇಲೇರಿದ ಮೇಲೆಯೇ ನೆಲಕ್ಕೆ ಬೀಳುವುದು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಸಿಗುತ್ತದೆ, ಉದ್ದವಾಗಿದ್ದರೆ ಇಲ್ಲ ಅಂತ ತಿಳಿಯಿರಿ.

ಏಪ್ರಿಲ್, ಮೇ ಸಂಜೆಯ ಗಾಳಿಮಳೆಗೆ ಗುಲ್‌ಮೊಹರ್, ಮಳೆಮರದಂಥ ದೊಡ್ಡ ಮರಗಳ ಕೊಂಬೆ ಬೀಳುವುದುಂಟು. ಮೋಡ ಕವಿದು ಗಾಳಿ ಎದ್ದರೆ ಮರದಡಿ ನಿಲ್ಲದೆ ಯಾವುದಾದರೂ ಅಂಗಡಿಯ ಒಳಗೆ ಹೋಗಿ. ನೀರು ನಿಂತ ರಸ್ತೆಯಲ್ಲಿ ಕಾಲಿಡಬೇಡಿ. ಕೆಳಗೆ ತೆರೆದ ಚರಂಡಿ ಇರಬಹುದು, ತಂತಿ ಬಿದ್ದಿರಬಹುದು. ತಂತಿ ಕಂಡರೆ ದೂರದಲ್ಲೇ ನಿಂತು ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಭಾನುವಾರದ ಮಾತು ಬೇರೆ. ಕಬ್ಬನ್ ಪಾರ್ಕಿನೊಳಗೆ ಅಂದು ವಾಹನ ಓಡಾಟವಿಲ್ಲ, ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಲಾಲ್‌ಬಾಗ್ 240 ಎಕರೆ. ಕೆಂಪೇಗೌಡ ಗೋಪುರವಿರುವ ಬಂಡೆ ಹತ್ತಿ ಇಳಿದರೆ ಏರುನಡಿಗೆಯೂ ಆಯಿತು. ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಅಲ್ಲಿ ಬಿರುಸಾಗಿ ನಡೆಯಲು ಜಾಗ ಇರುವುದಿಲ್ಲ. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ, ಹಲಸೂರು, ಅಗರ, ಜಕ್ಕೂರು, ಕೈಕೊಂಡ್ರಹಳ್ಳಿ ಕೆರೆ, ಯಾವುದು ಹತ್ತಿರವೋ ಅದು.

ಅರವತ್ತೈದು ದಾಟಿದವರಿಗೆ ಇನ್ನೆರಡು ಕೆಲಸ

ನಡಿಗೆಯೊಂದರಿಂದ ಬೀಳುವುದು ತಪ್ಪುವುದಿಲ್ಲ. ಅಡುಗೆಮನೆ ಕಟ್ಟೆ ಹಿಡಿದು ಒಂದೊಂದು ಕಾಲಿನ ಮೇಲೆ ಹತ್ತೆಣಿಸುವವರೆಗೆ ನಿಲ್ಲುವುದು, ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಇವನ್ನು ವಾರಕ್ಕೆ ಮೂರು ದಿನವಾದರೂ ಮಾಡಿ. ಕೋಲು ಬೇಕಾದವರು ಸಂಕೋಚವಿಲ್ಲದೆ ಹಿಡಿಯಿರಿ, ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಿರಿ. ಹಿಂದುಹಿಂದಕ್ಕೆ ನಡೆಯುವುದನ್ನು ಪಾರ್ಕಿನಲ್ಲಿ ಕೆಲವರು ಮಾಡುತ್ತಾರೆ. ನಮ್ಮೂರಿನ ನೆಲದ ಮೇಲೆ ಅದು ಬೇಡ.

ನಡೆದು ಬಂದ ಮೇಲೆ ತಿನ್ನುವುದು

ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 100ರಿಂದ 150 ಕ್ಯಾಲೊರಿ. ದರ್ಶಿನಿಗೆ ಹೋಗಿ ಒಂದು ಉದ್ದಿನ ವಡೆ, ಸಕ್ಕರೆ ಹಾಕಿದ ಕಾಫಿ ತೆಗೆದುಕೊಂಡರೆ ಅಷ್ಟೂ ವಾಪಸು ಬಂತು. ಗೆಳೆಯರ ಜೊತೆಗಿನ ಆ ಕಾಫಿಯನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಅದಕ್ಕೋಸ್ಕರವೇ ಎಷ್ಟೋ ಜನ ಬೆಳಿಗ್ಗೆ ಏಳುತ್ತಾರೆ. ವಡೆ ಬದಲು ಇಡ್ಲಿ, ಸಕ್ಕರೆ ಅರ್ಧ ಅಂದರೆ ಆಯಿತು. ತೂಕ ಇಳಿಸುವುದು ಮುಖ್ಯವಾಗಿ ತಟ್ಟೆಯ ಕೆಲಸ. ತೂಕ ಇಳಿಯದಿದ್ದರೂ ಸಕ್ಕರೆಗೆ, ಬಿಪಿಗೆ, ಹೃದಯಕ್ಕೆ ನಡಿಗೆಯ ಲಾಭ ಇದ್ದೇ ಇದೆ, ಆದ್ದರಿಂದ ತಕ್ಕಡಿ ನೋಡಿ ನಡಿಗೆ ಬಿಡಬೇಡಿ.

ಪಾರ್ಕಿನ ಹೊರಗೆ ಸೋರೆಕಾಯಿ, ಹಾಗಲಕಾಯಿ ಜ್ಯೂಸ್ ಮಾರುತ್ತಾರೆ. ಸೋರೆಕಾಯಿ ಜ್ಯೂಸ್ ಸ್ವಲ್ಪ ಕಹಿ ಅನ್ನಿಸಿದರೂ ಉಗುಳಿಬಿಡಿ. ಕಹಿ ಸೋರೆಯಲ್ಲಿ ವಿಷವಿರುತ್ತದೆ, ವಾಂತಿ ರಕ್ತಸ್ರಾವವಾಗಿ ಪ್ರಾಣಕ್ಕೇ ಬರಬಹುದು. ಔಷಧಿ ಕಹಿಯಾಗಿಯೇ ಇರುತ್ತದೆ ಅಂತ ಕಣ್ಣುಮುಚ್ಚಿ ಕುಡಿದವರೇ ಆಸ್ಪತ್ರೆ ಸೇರಿರುವುದು.

ಯಾವಾಗ ನಿಲ್ಲಬೇಕು, ಮತ್ತೆ ಯಾವಾಗ ಶುರು ಮಾಡಬೇಕು

ಎದೆಯ ನಡುವೆ ಹಿಸುಕಿದಂತಾಗುವುದು, ಎಡಗೈಗೋ ದವಡೆಗೋ ನೋವು ಹರಿಯುವುದು, ತಣ್ಣನೆ ಬೆವರು, ಎಂದೂ ಇಲ್ಲದ ಏದುಸಿರು ಕಂಡರೆ ಅಲ್ಲೇ ಕೂತುಬಿಡಿ. ಗ್ಯಾಸ್ ಇರಬೇಕು, ಮನೆಗೆ ಹೋಗಿ ಜೀರಿಗೆ ನೀರು ಕುಡಿಯೋಣ ಅಂತ ನಡೆದುಕೊಂಡು ಹೋಗಬೇಡಿ. 108ಕ್ಕೆ ಫೋನ್ ಮಾಡಿಸಿ. ಸಕ್ಕರೆ ಕಾಯಿಲೆ ಇರುವವರಿಗೆ ಮತ್ತು ಹೆಂಗಸರಿಗೆ ಎದೆನೋವು ಅಷ್ಟಾಗಿ ಇಲ್ಲದೆ ಬರೀ ಸುಸ್ತು, ವಾಕರಿಕೆಯಾಗಿಯೂ ಹೃದಯಾಘಾತ ಬರಬಹುದು.

ಮಳೆಗಾಲದಲ್ಲಿ ಡೆಂಗಿಯೋ ವೈರಲ್ ಜ್ವರವೋ ಬಂದು ಮಲಗಿದರೆ ಜ್ವರವಿರುವಷ್ಟು ದಿನ ನಡಿಗೆ ಬೇಡ. ಜ್ವರ ಬಿಟ್ಟು, ಊಟ ಸೇರಿ, ಮನೆಯೊಳಗೆ ಓಡಾಡಿದರೆ ತಲೆ ತಿರುಗುವುದಿಲ್ಲ ಅಂತಾದ ಮೇಲೆ ಮೊದಲ ವಾರದ ಹತ್ತು ಹತ್ತು ನಿಮಿಷಕ್ಕೇ ಹಿಂತಿರುಗಿ. ಹಳೆಯ ವೇಗ ಬರಲು ಎರಡು ಮೂರು ವಾರ ಹಿಡಿಯಬಹುದು. ಮದುವೆ, ಊರಹಬ್ಬ, ಮಕ್ಕಳ ಪರೀಕ್ಷೆ ಅಂತ ನಾಲ್ಕು ದಿನ ತಪ್ಪಿದ್ದಕ್ಕೆ ಅಷ್ಟೆಲ್ಲ ಬೇಡ. ಆ ಓಡಾಟ ಮುಗಿದ ದಿನವೇ ರಾತ್ರಿ ಊಟವಾದ ಮೇಲೆ ಗೇಟಿನಿಂದ ಮೂಲೆಯವರೆಗೆ ಹೋಗಿ ಬಂದು, ಮರುದಿನ ಬೆಳಿಗ್ಗೆ ಎಂದಿನ ಸುತ್ತಿಗೆ ಹೊರಡಿ.